ಎರಡು ಸೀಟಿನ ಕಾರಿಗೆ ನನ್ನ ಮಣೆ

ನಡೆದದ್ದು ಇಷ್ಟೇ. ನನ್ನ ಓರಗಿತ್ತಿಗೆ ಕಾರು ಬಂತು, ನನಗೆ ಹೊಟ್ಟೆಕಿಚ್ಚು ಬಂತು. ಉಳಿದದ್ದೆಲ್ಲ ಜನ ಹಾಕಿದ ಒಗ್ಗರಣೆ.

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಅವಳು ಶಿವಮೊಗ್ಗದ ವಿನೋಬನಗರದಲ್ಲಿ, ನಾವು ಭದ್ರಾವತಿಯ ಜನ್ನಾಪುರದಲ್ಲಿ. ನಡುವೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದಾರಿ. ಅಷ್ಟು ದೂರ ಇಲ್ಲದಿದ್ದರೆ ನಾವಿಬ್ಬರೂ ಇಷ್ಟು ವರ್ಷ ಮಾತು ಉಳಿಸಿಕೊಳ್ಳುತ್ತಿರಲಿಲ್ಲ. ಅವಳಿಗೆ ತಲೆ ಕೆಟ್ಟಿದೆ ಎಂದು ಅವಳ ಬೀದಿಯವರು ಹೇಳುತ್ತಾರೆ. ಸುಳ್ಳು. ತಲೆ ಕೆಟ್ಟವರು ಕುಕ್ಕರಿನ ರಬ್ಬರು ಹಾಕಿ ಕಾರಿನ ಸೋರಿಕೆ ನಿಲ್ಲಿಸುತ್ತಾರೆಯೇ? ಅವಳ ತಲೆ ಬಹಳ ಚೆನ್ನಾಗಿದೆ. ನನಗೆ ಸಂಕಟವಾಗುವುದೇ ಅದಕ್ಕೆ!

ಆ ಮನೆಗೆ ಮೊದಲು ಸೊಸೆಯಾಗಿ ಬಂದವಳು ನಾನು. ಬರುವಾಗ ಎರಡು ತಾಮ್ರದ ಕೊಡ ತಂದೆ. ಹಿಂದಿನಿಂದ ಬಂದ ಇವಳು ಹೊಲಿಗೆ ಮೆಷಿನ್ ತಂದಳು. ಮೂರು ದಿನ ಊರವರು ಮೆಷಿನ್ ನೋಡಲು ಬಂದು, ನನ್ನ ಕೊಡದಲ್ಲಿದ್ದ ನೀರು ಕುಡಿದು ಹೋದರು. ಆದರೆ ನಮ್ಮ ಮಾವ ನ್ಯಾಯವಂತರು. ಒಂದೇ ಹಲಸಿನ ಹಲಗೆಯಲ್ಲಿ ಎರಡು ಮಣೆ ಮಾಡಿಸಿ ಸೊಸೆಯರಿಬ್ಬರಿಗೂ ಒಂದೊಂದು ಕೊಟ್ಟಿದ್ದರು. ಗಂಡಸರ ಊಟ ಮುಗಿದ ಮೇಲೆ ಅವಳು ಬಲಕ್ಕೆ, ನಾನು ಎಡಕ್ಕೆ, ಆ ಮಣೆಗಳ ಮೇಲೆ ಕೂತು ಉಣ್ಣುತ್ತಿದ್ದೆವು. ಅನ್ನಕ್ಕಿಂತ ಹೆಚ್ಚಾಗಿ ಅತ್ತೆಯನ್ನು ನಂಚಿಕೊಳ್ಳುತ್ತಿದ್ದೆವು. ಆಮೇಲೆ ಮನೆ ಪಾಲಾಯಿತು. ಅತ್ತೆಯ ದೋಸೆ ಹಂಚು ಅವಳ ಪಾಲಿಗೆ ಹೋಯಿತು. ಆ ಹಂಚಿನ ಮಾತು ಮುಂದೆ ಬರುತ್ತದೆ. ನಾನು ಮರೆಯುವವಳಲ್ಲ.

ಕಾರು ತಂದದ್ದು ಮೈದುನ. ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವನದು. ಯಾರೋ ಸಾಹುಕಾರರ ಮಗ ಶೋಕಿಗೆ ಕೊಂಡು, ನಮ್ಮ ರಸ್ತೆಯ ಹಂಪುಗಳಿಗೆ ಅದರ ಹೊಟ್ಟೆ ತಾಗಿಸಿ ತಾಗಿಸಿ ಬೇಸತ್ತು, ಇವನ ತಲೆಗೆ ಕಟ್ಟಿದ. ಎಂಥ ಕಾರು ಎನ್ನುತ್ತೀರಿ? ಎರಡೇ ಸೀಟು. ಮೇಲೆ ಸೂರಿಲ್ಲ, ಬೇಕಾದಾಗ ಎಳೆದುಕೊಳ್ಳುವ ಒಂದು ಬಟ್ಟೆ. ಮೈಯೆಲ್ಲ ಫೈಬರು. ಒಳಗೆ ಕೂತರೆ ಪಂಕ್ತಿಯಲ್ಲಿ ನೆಲಕ್ಕೆ ಕೂತ ಹಾಗೆ, ಎಲೆಯೊಂದು ಹಾಕಿಲ್ಲ ಅಷ್ಟೇ.

ನಮ್ಮ ಯಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಬೆಂದು ರಿಟೈರಾದವರು. ಅವರು ಮಡಕೆ ಕೊಳ್ಳುವವರ ಹಾಗೆ ಬೆರಳು ಮಡಿಸಿ ಕಾರಿನ ಮೂತಿಯ ಮೇಲೆ ಬಾರಿಸಿ ನೋಡಿದರು.

"ಲೋ, ಇದ್ರಲ್ಲಿ ಕಬ್ಬಿಣಾನೇ ಇಲ್ವಲ್ಲೋ. ಇದು ಬಕೆಟ್ಟು!"

"ಹಗುರ ಇದ್ರೆ ಚೆನ್ನಾಗಿ ಓಡುತ್ತೆ ಅಣ್ಣ."

"ಓಡಲ್ಲ, ಹಾರುತ್ತೆ. ಆಷಾಢದಲ್ಲಿ ಕಟ್ಟಿ ಹಾಕ್ಕೊ."

ಮೈದುನ ನಕ್ಕ. ಹೆಂಡತಿಗೂ ಓಡಿಸುವುದನ್ನು ಕಲಿಸಿದ. ಕಲಿಸಿದ ಮೇಲೆ ತಾನು ಎಡಗಡೆ ಕೂತು, ಎಲೆ ಅಡಿಕೆ ಮೆಲ್ಲುತ್ತ, ಅರಸನ ಹಾಗೆ ಊರು ಸುತ್ತಿದ. ಹಾಗೆ ಎರಡು ವರ್ಷ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಎದೆ ನೋವು ಎಂದವನು ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟ.

ಇನ್ನು ಇವಳು ಕಾರು ಮಾರುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ನಾನು ಸ್ವಲ್ಪ ಹೆಚ್ಚಾಗಿಯೇ ಅಂದುಕೊಂಡೆ. "ಮಾರಲ್ಲ ಅಕ್ಕ," ಎಂದಳು. "ಅಲ್ಲಲ್ಲಿ ಒಂಚೂರು ಸರಿ ಮಾಡ್ಕೋಬೇಕು."

ಒಂಚೂರು! ಆ ಒಂಚೂರಿಗೆ ಅವಳ ಅರ್ಧ ಅಡುಗೆಮನೆ ಕಾರಿನೊಳಕ್ಕೆ ಹೋಯಿತು.

ಮೊದಲು ಸೀಟು. ಅವಳು ಗಿಡ್ಡಿ, ಗಂಡ ಇದ್ದಾಗ ಎರಡು ದಿಂಬು ಹಾಕಿಕೊಂಡು ಓಡಿಸುತ್ತಿದ್ದಳು. ದಿಂಬು ಜಾರುತ್ತದೆಂದು ಮಾವ ಕೊಟ್ಟ ಮಣೆಯನ್ನೇ ಸೀಟಿನ ಮೆತ್ತೆಯ ಕೆಳಗಿಟ್ಟು ಬೋಲ್ಟು ಬಿಗಿದಳು. ಮಣೆಯ ಮೇಲೆ ಕೂತು ಕಾರು ಓಡಿಸುವ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಆಮೇಲೆ ದೇವರು. ಅವಳ ಹತ್ತಿರ ಕೆಳಗೆ ಅಯಸ್ಕಾಂತವಿರುವ ಒಂದು ಪುಟ್ಟ ಗಣಪತಿ ಇತ್ತು. ಫೈಬರಿಗೆ ಅಯಸ್ಕಾಂತ ಹಿಡಿಯುತ್ತದೆಯೇ? ಬ್ರೇಕು ಹಾಕಿದಾಗಲೆಲ್ಲ ಗಣಪತಿ ಅವಳ ಮಡಿಲಿಗೆ ಬೀಳುತ್ತಿದ್ದ. ಒಂದು ದಿನ ನೋಡುತ್ತೇನೆ, ಸ್ಟೇರಿಂಗಿನ ಮುಂದೆ ಕರಿ ಕಬ್ಬಿಣದ ತುಂಡೊಂದನ್ನು ಕೂರಿಸಿದ್ದಾಳೆ, ಅದರ ಮೇಲೆ ಗಣಪತಿ ಗಟ್ಟಿಯಾಗಿ ನಿಂತಿದ್ದಾನೆ. ಆ ತುಂಡಿನ ಗುರುತು ನನಗೆ ಸಿಕ್ಕದೆ ಇರುತ್ತದೆಯೇ!

"ಇದು ಅತ್ತೆ ಹಂಚಲ್ವೇನೇ?"

"ಒಡೆದು ಹೋಯ್ತು ಅಕ್ಕ. ಗುಜರಿಗೆ ಹಾಕೋ ಬದ್ಲು ದೇವರ ಕೆಳಗಾದ್ರೂ ಇರ್ಲಿ ಅಂತ."

"ನಂಗೆ ಕೊಟ್ಟಿದ್ರೆ ಒಡೀತಾನೇ ಇರ್ಲಿಲ್ಲ."

"ನಿಮಗೆ ಕೊಟ್ಟಿದ್ರೆ ಗಣಪತಿ ಎಲ್ಲಿ ನಿಲ್ತಿದ್ದ?"

ಜೊತೆಗೆ ಬಂದಿದ್ದ ಯಜಮಾನರು ಹಂಚಿನ ತುಂಡನ್ನು ಸವರಿ, "ಅಂತೂ ಗಾಡೀಲಿ ಒಂಚೂರು ಕಬ್ಬಿಣ ಸೇರ್ತು" ಎಂದು ಸಮಾಧಾನಪಟ್ಟುಕೊಂಡರು.

ಮಳೆಗಾಲ ಬಂತು. ಬಾಗಿಲ ಸಂದಿನಲ್ಲಿ ನೀರು ಇಳಿಯತೊಡಗಿತು. ಅಲ್ಲಿಗೆಲ್ಲ ಹಳೇ ಕುಕ್ಕರಿನ ರಬ್ಬರು ಕತ್ತರಿಸಿ ಅಂಟಿಸಿದಳು. ತಲೆಯ ಮೇಲಿನ ಬಟ್ಟೆ ಹರಿದಿತ್ತು. ಟಾರ್ಪಾಲು ತಂದು, ಅದೇ ಹೊಲಿಗೆ ಮೆಷಿನ್ನಿನಲ್ಲಿ ಹೊಲಿದು, ಒಳಗೆ ರೇಷ್ಮೆ ಸೀರೆಯ ಲೈನಿಂಗ್ ಕೊಟ್ಟಳು! ಯಾವ ಸೀರೆ ಗೊತ್ತೇ? ನಮ್ಮ ನಾದಿನಿಯ ಮದುವೆಗೆ ನಾವಿಬ್ಬರೂ ಒಂದೇ ಬಣ್ಣದಲ್ಲಿ ತೆಗೆದುಕೊಂಡದ್ದು. ನನ್ನದು ಇವತ್ತಿಗೂ ಟ್ರಂಕಿನೊಳಗೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿದೆ. ಅವಳದು ದಿನಾ ಪೇಟೆ ಸುತ್ತುತ್ತಿದೆ. ಸೀರೆಯ ಹಣೆಯಲ್ಲೂ ಬರೆದಿರಬೇಕು, ಏನು ಮಾಡುವುದು!

ಕಾರು ಎಷ್ಟು ತಗ್ಗು ಎಂದರೆ ಬಸ್ಸಿನ ಡ್ರೈವರಿಗೆ ಕಾಣುವುದೇ ಇಲ್ಲ. ಅದಕ್ಕೂ ಮದ್ದು ಕಂಡುಹಿಡಿದಳು. ಹಳೇ ಟೀವಿ ಆಂಟೆನಾದ ಕೊಳವೆಯನ್ನು ಹಿಂದುಗಡೆ ನೆಟ್ಟು, ಅದರ ತುದಿಗೆ ಬಾವುಟದ ಹಾಗೆ ಕಿತ್ತಳೆ ಬಣ್ಣದ ಬಟ್ಟೆ ಕಟ್ಟಿದಳು. ಹತ್ತಿರ ಹೋಗಿ ನೋಡಿದರೆ, ಅವಳ ಗಂಡ ಇದ್ದಾಗ ಗೌರಿ ಹಬ್ಬಕ್ಕೆ ನಾನು ಬಾಗಿನದಲ್ಲಿ ಕೊಟ್ಟ ರವಿಕೆ ಕಣ!

"ಎಷ್ಟು ಚೆಂದದ ಕಣ ಕೊಟ್ಟಿದ್ದೆ ಮಾರಾಯ್ತಿ! ಹೊಲಿಸ್ಕೊಳ್ಳೋದು ಬಿಟ್ಟು ಕಂಬಕ್ಕೆ ಕಟ್ಟಿದ್ಯಾ?"

"ನೀವು ಆರಿಸೋ ಬಣ್ಣ ಎರಡು ಫರ್ಲಾಂಗು ದೂರಕ್ಕೂ ಕಾಣುತ್ತೆ ಅಕ್ಕ. ಲಾರಿಯವ್ರೂ ಬ್ರೇಕ್ ಹಾಕ್ತಾರೆ."

ಹೊಗಳಿದಳೋ ಬೈದಳೋ, ನನಗಿನ್ನೂ ತಿಳಿದಿಲ್ಲ.

ಇಷ್ಟೆಲ್ಲ ಆಡುತ್ತೀಯಲ್ಲ ಅಜ್ಜಿ, ನೀನು ಆ ಕಾರಿನಲ್ಲಿ ಕೂತೆಯಾ ಎಂದು ಕೇಳುತ್ತೀರಿ. ಆಗ ಇನ್ನೂ ಇಲ್ಲ. ನನ್ನ ಹೊಟ್ಟೆ ಉರಿದದ್ದೆಲ್ಲ ಆ ಎಡಗಡೆಯ ಸೀಟಿಗಾಗಿ. ಎರಡೇ ಸೀಟು, ಒಂದು ಅವಳದು. ಇನ್ನೊಂದರಲ್ಲಿ ಹಿರಿಯಳಾದ ನಾನಲ್ಲದೆ ಮತ್ತ್ಯಾರು ಕೂರಬೇಕು? ಹಾಗೆಂದು ಬಾಯಿಬಿಟ್ಟು ಕೇಳುವುದಕ್ಕೆ ಆಗುತ್ತದೆಯೇ? ಕರೆಯಬೇಕು, ನಾವು ಬೇಡ ಎನ್ನಬೇಕು, ಅವರು ಬಿಡಬಾರದು.

ನಮ್ಮ ಕಡೆ 'ಬೇಡ' ಎಂದರೆ ಏನರ್ಥ? ಹೋಳಿಗೆ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿದು "ಬೇಡ, ಬೇಡ" ಎನ್ನುತ್ತೇವೆ. ಬೆರಳ ಸಂದಿನಲ್ಲಿ ಒಂದು ಹೋಳಿಗೆ ಇಳಿಯುವಷ್ಟು ಜಾಗ ಬಿಟ್ಟಿರುತ್ತೇವೆ. ಬಡಿಸುವವರು ಅದನ್ನು ನೋಡಿ ಹಾಕುತ್ತಾರೆ. ಇದು ಹಸುಗೂಸಿಗೂ ಗೊತ್ತು. ಇವಳಿಗೆ ಗೊತ್ತಿಲ್ಲ! ಮದುವೆಯಾಗಿ ಬಂದ ದಿನದಿಂದಲೂ ಅಷ್ಟೇ. ಸಾಕು ಎಂದರೆ ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋಗುವವಳು.

ಗಂಡ ಹೋದ ಮೇಲೆ ಮೊದಲ ಸಲ ಒಬ್ಬಳೇ ಕಾರು ಓಡಿಸಿಕೊಂಡು ಜನ್ನಾಪುರಕ್ಕೆ ಬಂದಳು. "ಬನ್ನಿ ಅಕ್ಕ, ಹೊಳೆಹೊನ್ನೂರಿನ ತಂಕ ಹೋಗಿ ಬರಾಣ" ಎಂದಳು.

"ಅಯ್ಯೋ ಬೇಡ ಮಾರಾಯ್ತಿ, ಈ ವಯಸ್ಸಲ್ಲಿ ನಂಗ್ಯಾಕೆ."

"ಹೌದಾ? ಸರಿ ಅಕ್ಕ."

ನಾನು ಆಗಲೇ ಒಳ್ಳೆಯ ಸೀರೆ ಉಟ್ಟಿದ್ದೆ! ಮಂಗಳವಾರ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಗೇಟಿನಲ್ಲಿ ನಿಂತವಳು ಬೇಡ ಎಂದರೆ ಅರ್ಥವಾಗಬಾರದೇ? ಇನ್ನೊಂದು ಸಲ ಚಪ್ಪಲಿ ಮೆಟ್ಟಿಕೊಂಡು ನಿಂತು ಬೇಡ ಎಂದೆ. ಆಗಲೂ "ಸರಿ ಅಕ್ಕ." ಪಕ್ಕದ ಮನೆಯ ತಮಿಳಮ್ಮನಿಗೆ ಈ ಶಾಸ್ತ್ರವೇ ಇಲ್ಲ. "ನೀವು ಬರ್ತೀರಾ?" ಎಂದು ಇವಳು ಕೇಳುವುದರೊಳಗೆ ಹತ್ತಿ ಕೂತಾಗಿತ್ತು. ತಿರುಗಿ ಬಂದು, "ಅಯ್ಯೋ ಅಕ್ಕಾ, ಸೂಪರಾ ಇರುಕ್ಕು! ನೀವ್ ಯಾಕೆ ಹೋಗಲ್ಲ?" ಎಂದು ನನ್ನನ್ನೇ ಕೇಳಿದಳು. ಆ ದಿನ ಅವಳಿಗೆ ಕರಿಬೇವು ಕೊಡಲಿಲ್ಲ.

ಮೂರನೆಯ ಸಲಕ್ಕೆ ನನಗೂ ರೋಷ ಬಂತು. "ನಿನ್ನ ಬಕೆಟ್ಟಲ್ಲಿ ಕೂತು ಊರವ್ರ ಕೈಲಿ ನಗಿಸ್ಕೊಳ್ಳಕ್ಕೆ ನಂಗೇನು ಹುಚ್ಚಾ?" ಎಂದುಬಿಟ್ಟೆ. ಅವಳು "ಸರಿ ಅಕ್ಕ" ಎನ್ನಲಿಲ್ಲ. ಸುಮ್ಮನೆ ಗಾಡಿ ತಿರುಗಿಸಿಕೊಂಡು ಹೋದಳು. ಆಮೇಲೆ ಕರೆಯಲಿಲ್ಲ.

ಅದಾಗಿ ಕೆಲವು ದಿನಕ್ಕೆ ಯಜಮಾನರು ಶಿವಮೊಗ್ಗಕ್ಕೆ ಹೋಗಿ ಬಂದವರು ಕಾಲು ತೊಳೆಯುತ್ತ ಹೇಳಿದರು: "ಎಡಗಡೆ ಸೀಟೇ ಇಲ್ಲ ಕಣೇ. ಕಿತ್ತು ಹಾಕಿದ್ದಾಳೆ. ಆ ಜಾಗದಲ್ಲಿ ಗ್ಯಾಸ್ ಸಿಲಿಂಡರ್ ಕೂತಿತ್ತು. ಬೆಲ್ಟೂ ಹಾಕಿದ್ಳು."

ನನ್ನ ಜಾಗದಲ್ಲಿ ಸಿಲಿಂಡರ್! ಅದಕ್ಕೆ ಬೆಲ್ಟು ಬೇರೆ!

"ನೀನೇ ಬೇಡ ಅಂದಿದ್ಯಲ್ಲ," ಎಂದರು ಯಜಮಾನರು. ಕಬ್ಬಿಣದ ಜೊತೆ ಬಾಳಿದವರಿಗೆ ಹೆಂಗಸರ ಮಾತು ತಿಳಿಯುತ್ತದೆಯೇ? ಆ ರಾತ್ರಿ ಅವರ ಸಾರಿಗೆ ಉಪ್ಪು ಹಾಕಲಿಲ್ಲ. ಅದೂ ಅವರಿಗೆ ತಿಳಿಯಲಿಲ್ಲ.

ಮಾರನೆಯ ದಿನ ಜಗಳಕ್ಕೆಂದೇ ಬಸ್ಸು ಹತ್ತಿದೆ. ವಿನೋಬನಗರ ಬರುವ ಹೊತ್ತಿಗೆ ಆಡಬೇಕಾದ ಮಾತುಗಳೆಲ್ಲ ಸಾಲಾಗಿ ನಿಂತಿದ್ದವು. ಅವಳು ಕಾರಿನ ಪಕ್ಕ ಕೂತು ಅದರ ಹೊಟ್ಟೆಗೆ ಹಳೇ ರಬ್ಬರಿನ ಪಟ್ಟಿ ಹೊಡೆಯುತ್ತಿದ್ದಳು, ರಸ್ತೆಯ ಹಂಪುಗಳಿಗೆ ತಾಗಿದರೂ ನೋಯದಿರಲಿ ಎಂದು.

"ಸೀಟೆಲ್ಲಿ?" ಎಂದೆ.

"ಅಟ್ಟದ ಮೇಲಿದೆ. ಬನ್ನಿ ಅಕ್ಕ, ಕಾಫಿ ಮಾಡ್ತೀನಿ."

"ಕಾಫಿ ಹಾಳಾಗ್ಲಿ. ಯಾಕೆ ಕಿತ್ತೆ?"

"ಗಾಡಿ ಹಗುರ ಆಯ್ತು. ಸಿಲಿಂಡರ್ ತರಕ್ಕೂ ಆಗುತ್ತೆ."

"ತಮಿಳಮ್ಮ ಕೂರ್ಬಹುದು, ಸಿಲಿಂಡರ್ ಕೂರ್ಬಹುದು. ನಂಗೊಂದು ಮಣೆ ಹಾಕಕ್ಕೆ ನಿಂಗೆ ಆಗ್ಲಿಲ್ಲ ಅಲ್ವಾ?"

ಅವಳು ಸುತ್ತಿಗೆ ಕೆಳಗಿಟ್ಟಳು. ಕೈಯ ಮಸಿಯನ್ನು ಸೆರಗಿಗೇ ಒರೆಸಿಕೊಂಡಳು. ಸೆರಗಿಗೆ ಮಸಿ ಒರೆಸುವ ಹೆಂಗಸಲ್ಲ ಅವಳು.

"ಆ ಸೀಟು ಖಾಲಿ ಇತ್ತಲ್ಲ ಅಕ್ಕ. ಅದರ ಜೊತೆ ಮಾತಾಡ್ತಿದ್ದೆ," ಎಂದಳು. "ಎಡಗಡೆ ನಂಗೆ ಸರಿಯಾಗಿ ಕಾಣಲ್ಲ. ತಿರುಗ್ಸೋವಾಗ ಅವ್ರೇ ನೋಡಿ ಹೇಳ್ತಿದ್ರು. ಮೊನ್ನೆ ಗೋಪಿ ಸರ್ಕಲ್ಲಲ್ಲಿ, 'ರೀ, ಎಡಗಡೆ ಏನಾದ್ರೂ ಬರ್ತಿದೆಯಾ ನೋಡಿ' ಅಂತ ಜೋರಾಗಿ ಕೇಳ್ಬಿಟ್ಟೆ. ಕೇಳಿ, ಉತ್ತರ ಬರ್ಲಿ ಅಂತ ಕಾಯ್ತಾ ನಿಂತಿದ್ದೀನಿ! ಹಿಂದೆ ಬಸ್ಸು, ಆಟೋ ಎಲ್ಲಾ ಹಾರ್ನ್ ಹೊಡೀತಿದಾವೆ. ಪೊಲೀಸಿನವ್ನು ಬಂದು, 'ಯಾರನ್ನ ಕೇಳ್ತಿದ್ದೀರಮ್ಮ?' ಅಂದ. ಮನೆಗೆ ಬಂದು ಸ್ಪ್ಯಾನರ್ ತಗೊಂಡೆ."

ಹೊಟ್ಟೆಕಿಚ್ಚಿಗೂ ಒಂದು ಮಾನ ಬೇಡವೇ? ಇಲ್ಲ. ಅವಳು ಹಾಗೆ ಹೇಳುತ್ತಿರುವಾಗಲೂ ನನಗೆ ಹೊಟ್ಟೆ ಉರಿಯಿತು. ಸತ್ತ ಗಂಡನ ಜೊತೆ ಇವಳಿಗೆ ಅಷ್ಟು ಮಾತು! ನನ್ನ ಗಂಡ ಗಟ್ಟಿಮುಟ್ಟಾಗಿ ಬದುಕಿದ್ದಾರೆ, ಮಾತಾಡಿಸಿದರೆ ಪೇಪರಿನ ಹಾಳೆ ತಿರುವುತ್ತಾರೆ.

ಕಾಫಿ ಕುಡಿದೆ. ಇನ್ನೊಂದು ಲೋಟ ಬೇಕಾ ಎಂದಳು. ಬೇಡ ಎಂದೆ. ಸರಿ ಎಂದು ಪಾತ್ರೆ ಒಳಗಿಟ್ಟಳು. ಬಸ್ಸು ಹತ್ತಿ ಮನೆಗೆ ಬಂದೆ.

ಮಾರನೆಯ ದಿನ ಬೆಳಿಗ್ಗೆ ಯಜಮಾನರಿಗೆ ತಿಂಡಿ ಮುಚ್ಚಿಟ್ಟು, ಮಾವ ಕೊಟ್ಟಿದ್ದ, ನಾನು ದಿನಾ ಕೂತು ತರಕಾರಿ ಹೆಚ್ಚುವ ಮಣೆಯನ್ನು ತೊಳೆದು ಒರೆಸಿ, ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿದೆ. "ಮಣೆ ಯಾಕಜ್ಜಿ, ಬಸ್ಸಲ್ಲಿ ಸೀಟಿದೆಯಲ್ಲ!" ಎಂದು ಕಂಡಕ್ಟರು ಹಲ್ಲು ಬಿಟ್ಟ. "ಬಸ್ಸಲ್ಲಿದೆ, ಕಾರಲ್ಲಿಲ್ಲ" ಎಂದೆ. ಅವನು ಟಿಕೆಟ್ಟು ಹರಿದ.

ಮಣೆಯನ್ನು ನೋಡಿ ಅವಳು, "ಅಟ್ಟದಿಂದ ಸೀಟು ಇಳಿಸ್ಲಾ ಅಕ್ಕ?" ಎಂದಳು.

"ಬೇಡ. ಅದು ಅವನ ಸೀಟು. ನಂದು ನಾನು ತಂದಿದ್ದೀನಿ."

ಜನ್ಮದಲ್ಲಿ ನಾನು ನಿಜವಾಗಿ ಆಡಿದ ಬೇಡ ಅದೊಂದೇ. ಅದನ್ನು ಅವಳು ಸರಿಯಾಗಿಯೇ ಹಿಡಿದಳು. ಟೇಪು ತಂದು ಅಳೆದಳು. "ಒಂದು ಕಡೆ ಅರ್ಧ ಇಂಚು ಕೊಯ್ಬೇಕು, ಕೊಯ್ಯಲಾ?" "ಕೊಯ್ಯಿ." ಕೊಯ್ದಳು, ತೂತು ಕೊರೆದಳು, ಸೀಟಿದ್ದ ಜಾಗದಲ್ಲಿ ಬೋಲ್ಟು ಬಿಗಿದಳು, ಬೆನ್ನಿಗೆ ಒಂದು ದಿಂಬು ಕೊಟ್ಟಳು. ನಾನು ಸೆರಗು ಸಿಕ್ಕಿಸಿಕೊಂಡು ಇಳಿದು ಕೂತೆ. ಅವಳು ಬಲಕ್ಕೆ, ನಾನು ಎಡಕ್ಕೆ. ತಲೆಯ ಮೇಲೆ ನಾದಿನಿಯ ಮದುವೆಯ ಸೀರೆ, ಎದುರಿಗೆ ಅತ್ತೆಯ ಹಂಚು. ಆ ಹಂಚನ್ನು ಬೇಕೆಂದೇ ದಿಟ್ಟಿಸಿ ನೋಡಿದೆ.

ಬೀದಿಯ ಕೊನೆಗೆ ಬಂದೆವು. ಅವಳು ಬ್ರೇಕಿನ ಮೇಲೆ ಕಾಲಿಟ್ಟು, ಮುಂದೆಯೇ ನೋಡುತ್ತ, "ಅಕ್ಕ, ಎಡಗಡೆ?" ಎಂದಳು.

ಕತ್ತು ಚಾಚಿ ನೋಡಿದೆ. "ಒಂದು ಎಮ್ಮೆ ಬರ್ತಿದೆ, ತಡಿ," ಎಂದೆ. ಎಮ್ಮೆ ಹೋಯಿತು.

"ಏನಿಲ್ಲ ಈಗ. ತಿರುಗ್ಸು."