ಸರ್ವೆ ಲಾರಿ ಬಂದಾಗ

ನೆಲದೊಳಗೆ ಏನಿದೆ ಎಂದು ನೋಡಲು ಹೊರಟವರಿಗೆ ನೆಲದ ಮೇಲಿನವರು ಒಂದಿಲ್ಲೊಂದು ಪಾಠ ಹೇಳಿಯೇ ಕಳಿಸುತ್ತಾರೆ. ನಾನು ಹುಮನಾಬಾದಿನವನು, ಭೂಗರ್ಭ ಸರ್ವೆ ತಂಡದಲ್ಲಿ ಕೆಲಸ. ನಮ್ಮ ಭಾರೀ ಲಾರಿ ನೆಲವನ್ನು ಸ್ವಲ್ಪ ನಡುಗಿಸುತ್ತದೆ. ಆ ಅಲೆಗಳು ಆಳದ ಬಂಡೆಗೆ ಬಡಿದು ತಿರುಗಿ ಬರುವುದನ್ನು ಸಾಲಾಗಿ ನೆಟ್ಟ ಪುಟ್ಟ ಯಂತ್ರಗಳು ದಾಖಲಿಸುತ್ತವೆ. ಹೊಲದವರ ಒಪ್ಪಿಗೆ ಕೇಳುವುದು, ಊರವರಿಗೆ ಮೊದಲೇ ತಿಳಿಸುವುದು ನನ್ನ ಪಾಲಿಗೆ.

ನೀರಿನ ಪ್ರಶ್ನೆ

ಮಂಠಾಳದಲ್ಲಿ ತೊಗರಿ ಹೊಲದ ಯಜಮಾನರು ಯಂತ್ರ ನೆಡಲು ಕೂಡಲೇ ಒಪ್ಪಿದರು. ಆಮೇಲೆ ಮೆಲ್ಲಗೆ ಕೇಳಿದರು, "ನೀರು ಎಷ್ಟು ಫೂಟಿಗಿ ಅದಾರಿ?"

"ನೀರು ಇದಕ್ಕ ಕಾಣಸಲ್ರಿ. ನಾವು ನೋಡಾಕತ್ತಿದ್ದು ಇಪ್ಪತ್ತು ಮೂವತ್ತು ಕಿಲೋಮೀಟರ್ ಕೆಳಗಿನ ಕಲ್ಲು."

ಅವರು ಕನಿಕರದಿಂದ ಯಂತ್ರದ ತಲೆ ಸವರಿದರು. "ದೂರದ್ದು ಕಾಣಸ್ತದ, ಬಾಜೂದ್ದು ಕಾಣಸಲ್ಲ. ಇದಕ್ಕ ಚಾಳೀಸು ಬಂದಾದ್ರಿ, ಚಷ್ಮಾ ಹಾಕಸ್ರಿ!"

ತಪ್ಪು ಯಾರದು?

ನಮ್ಮ ತಂಡದ ಮೇಡಂ ಹಿಮಾಲಯದಲ್ಲಿ ವರ್ಷಗಟ್ಟಲೆ ಸರ್ವೆ ಮಾಡಿದವರು. ಮಾಣಿಕನಗರದ ಚಹಾ ಅಂಗಡಿಯ ಅಜ್ಜಿಗೆ ಒಮ್ಮೆ ಟವೆಲನ್ನು ಒಂದು ಕಡೆಯಿಂದ ತಳ್ಳಿ, ಮಡಿಕೆ ಎಬ್ಬಿಸಿ ತೋರಿಸಿದರು. "ಆ ಬೆಟ್ಟಗಳು ಹೀಗೇ ಎದ್ದಿದ್ದು ಅಜ್ಜಿ. ಒಳಗೆ ಕಲ್ಲೆಲ್ಲ ಮಡಚಿ, ಮುರಿದು, ಒಂದರ ಮೇಲೊಂದು ಹತ್ತಿ ಕೂತಿದೆ. ನಾವು ಕಳಿಸಿದ ಅಲೆ ಎಲ್ಲಿ ಬಡಿದು ಬಂತು ಅನ್ನೋದೇ ತಿಳಿಯೋದಿಲ್ಲ."

"ದಬ್ಬಿದೋರು ಯಾರವ್ವಾ?"

"ನಮ್ಮ ದೇಶದ ನೆಲಾನೇ. ಈಗಲೂ ತಳ್ತಾ ಇದೆ."

ಅಜ್ಜಿ ಗಲ್ಲಕ್ಕೆ ಕೈ ಹಚ್ಚಿದರು. "ಅಯ್ಯ! ನಾವೇ ದಬ್ಬಿ, ನಾವೇ ಹೋಗಿ ಏನಾಗ್ಯಾದ ಅಂತ ಕೇಳೋದಾ? ಮೊದಲ ಮಾಫಿ ಕೇಳ್ರಿ!"

ಬಾಜು ಮನೆ

ಬಸವಕಲ್ಯಾಣದ ಹತ್ತಿರದ ಒಂದು ಊರು. ಭೂಕಂಪ ಕಂಡು ಹೆದರಿದವರು ಅಲ್ಲಿ ಇನ್ನೂ ಇದ್ದಾರೆ. ಹಾಗಾಗಿ ಹಿಂದಿನ ದಿನವೇ ಮನೆ ಮನೆಗೆ ಹೋಗಿ, "ನಾಳೆ ಅಡಗಿ ಮನ್ಯಾಗ ಭಾಂಡೆ, ತಾಟು ಅಲುಗಾಡಿದ್ರ ಅಂಜಬ್ಯಾಡ್ರಿ, ಅದು ನಮ್ಮ ಲಾರಿ" ಎಂದು ಹೇಳಿಬಂದೆ. ಒಂದು ಮನೆಗೆ ಬೀಗ ಇತ್ತು. ಪಕ್ಕದ ಮನೆಯ ಹಿರಿಯರಿಗೆ, "ಇವರಿಗೂ ಹೇಳ್ರಿ" ಅಂದೆ. ಅವರು ಸುಮ್ಮನೆ ತಲೆಯಾಡಿಸಿದರು. ಬೀಗದ ಮನೆ ಅವರ ಸ್ವಂತ ತಮ್ಮನದೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಲಾರಿ ಶುರುವಾಯಿತು. ರಾತ್ರಿ ಮನೆಗೆ ಮರಳಿದ್ದ ತಮ್ಮ "ಭೂಕಂಪ!" ಎಂದು ಕೂಗುತ್ತಾ ಹೊರಗೆ ಓಡಿಬಂದ. ನೇರ ಅಣ್ಣನ ಮನೆಗೆ ನುಗ್ಗಿ, ದಾಡಿ ಮಾಡಿಕೊಳ್ಳುತ್ತ ಕೂತಿದ್ದ ಅಣ್ಣನನ್ನು ಎತ್ತಿಕೊಂಡೇ ಓಣಿಗೆ ಬಂದ. ಅಣ್ಣನ ಅರ್ಧ ಮುಖದ ತುಂಬ ಸೋಪಿನ ನೊರೆ.

"ಇಳಸೋ ಲೇ! ಅದು ಸರ್ವೆ ಲಾರಿ!"

"ನಿನಗ ಗೊತ್ತಿತ್ತಾ?" ತಮ್ಮ ಅಣ್ಣನನ್ನು ಇಳಿಸದೇ ಕೇಳಿದ. "ಗೊತ್ತಿದ್ದೂ ನನಗ ಯಾಕ ಹೇಳಲಿಲ್ಲ?"

ಅಣ್ಣ ಅವನ ತೋಳಿನಲ್ಲೇ ಕೂತು ನೊರೆ ಒರೆಸಿಕೊಂಡರು.

"ಮೂರು ಸರ್ತಿ ನಿನ್ನ ಬಾಗಿಲ ತನಕ ಬಂದಿದ್ದೆ. ಆದ್ರ ಹ್ಯಾಂಗ ಹೇಳ್ಲಿ? ಐದು ವರ್ಷಾತು, ನಾವು ಮಾತು ಬಿಟ್ಟೀವಲ್ಲ!"