ಮಾವನ ಕಾರಿಗೆ ನಾನು ಜೀವ ಕೊಟ್ಟಿದ್ದು

ಆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಮೆಕ್ಯಾನಿಕ್ಕನನ್ನು ಕರೆಯುವುದಿಲ್ಲ, ಯಾರ ಕೈಕಾಲೂ ಹಿಡಿಯುವುದಿಲ್ಲ. ಮಾವನ ಕಾರನ್ನು ನಾನೇ, ನನ್ನ ಕೈಯಾರೆ, ಸುರಕ್ಷಿತವಾಗಿ, ಶಾಸ್ತ್ರೋಕ್ತವಾಗಿ ಚಾಲೂ ಮಾಡುತ್ತೇನೆ!

ಮಾವನ ಕಾರು ನನ್ನ ಹೆಂಡತಿಗಿಂತ ಬಹಳ ವರ್ಷ ದೊಡ್ಡದು. ಮನೆಯಲ್ಲಿ ಅದಕ್ಕೆ ಮರ್ಯಾದೆಯೂ ಅದೇ ಲೆಕ್ಕದಲ್ಲಿ. ಮಾವ, ಅತ್ತೆ ಇಬ್ಬರೂ ಕೆಲವು ತಿಂಗಳ ಮಟ್ಟಿಗೆ ದೊಡ್ಡ ಮಗಳ ಮನೆಗೆ ಹೊರಟಾಗ ಅದರ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, "ನೋಡ್ಕೊಳ್ಳಿ ಅಳಿಯಂದ್ರೆ. ನಂಗೂ ವಯಸ್ಸಾಯ್ತು. ವಾಪಸ್ ಬಂದಾಗ ಇದು ನೆಟ್ಟಗಿದ್ರೆ ನಿಮಗೇ ಬಿಟ್ಟುಬಿಡ್ತೀನಿ. ಇಲ್ದಿದ್ರೆ ದೊಡ್ಡ ಅಳಿಯಂದ್ರಿಗೆ" ಎಂದಿದ್ದರು. ದೊಡ್ಡ ಅಳಿಯ, ಅಂದರೆ ನನ್ನ ಷಡ್ಡಕ, ಟೈರಿಗೆ ಗಾಳಿ ಹಾಕಿಸುವುದಕ್ಕೂ ಡ್ರೈವರನ್ನು ಕಳಿಸುವ ಮನುಷ್ಯ. ಅಂಥವನ ಪಾಲಿಗೆ ಈ ಕಾರು ಹೋಗುವುದನ್ನು ನೆನೆದರೇ ನನ್ನ ಹೊಟ್ಟೆ ಉರಿಯುತ್ತಿತ್ತು.

ಅದಕ್ಕೇ ಪ್ರತಿ ಭಾನುವಾರ ಅದನ್ನು ತೊಳೆದೆ, ಒರೆಸಿದೆ, ಮುಖ ಕಾಣುವ ಹಾಗೆ ಉಜ್ಜಿದೆ. ಅವರು ಬರುವ ಹಿಂದಿನ ಸಂಜೆ ದೀಪಗಳನ್ನೂ ಒಮ್ಮೆ ಹಾಕಿ, ಗ್ಯಾರೇಜಿನ ಗೋಡೆಯ ಮೇಲೆ ಬಿದ್ದ ಬೆಳಕನ್ನು ಕಣ್ತುಂಬ ನೋಡಿ, ಖುಷಿಯಲ್ಲಿ ಒಳಗೆ ಹೋಗಿ ಊಟ ಮಾಡಿ ಮಲಗಿಬಿಟ್ಟೆ. ದೀಪ ಆರಿಸಲಿಲ್ಲ! ಅದೂ ಎಂಥ ವಂಶದ ಅಳಿಯನಾಗಿ? ಆರಿಸುವುದೇ ಈ ಮನೆತನದ ಕುಲಕಸುಬು. ಅತ್ತೆ, ನೆಂಟರು ಕೂತಿರುವಾಗಲೇ ಅವರ ತಲೆಯ ಮೇಲಿನ ಫ್ಯಾನು ಆರಿಸುತ್ತಾರೆ. ಹೆಂಡತಿ ನಾನು ಪೇಪರ್ ಓದುತ್ತಿರುವಾಗಲೇ ಲೈಟ್ ಆರಿಸಿ, "ಓದ್ತಿದ್ರಾ? ನಿದ್ದೆ ಅಂದ್ಕೊಂಡೆ" ಎನ್ನುತ್ತಾಳೆ. ಮಾವನ ವಿಷಯ ಮುಂದೆ ಬರುತ್ತದೆ.

ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಾರು 'ಟಿಕ್' ಎಂದು ಸುಮ್ಮನಾಯಿತು. ಮಾವನ ರೈಲು ಬರಲು ಇನ್ನು ಹೆಚ್ಚು ಹೊತ್ತಿರಲಿಲ್ಲ.

"ನನ್ನ ಕಾರಲ್ಲೇ ಹೋಗಿ ಕರ್ಕೊಂಡು ಬರೋಣ" ಎಂದಳು ಹೆಂಡತಿ.

"ನಿನ್ನ ಕಾರಲ್ಲಿ ಹೋದ್ರೆ ಇದು ನಿನ್ನ ಭಾವನ ಕಾರಾಗುತ್ತೆ. ನಿನ್ನ ಕಾರನ್ನ ಇದರ ಮುಂದೆ ತಂದು ನಿಲ್ಲಿಸು. ಅದರ ಬ್ಯಾಟರಿಯಿಂದ ಇದಕ್ಕೆ ಜೀವ ಕೊಡ್ತೀನಿ."

"ನಿಮಗೆ ಬರುತ್ತಾ?"

"ಓದಿಕೊಂಡಿದೀನಿ."

ಅವಳ ಮುಖದಲ್ಲಿ ಯಾವ ಭರವಸೆಯೂ ಮೂಡಲಿಲ್ಲ.

ಗ್ಯಾರೇಜಿನ ಬಾಗಿಲು ಗಾಳಿಗೆ ಪದೇ ಪದೇ ಮುಚ್ಚಿಕೊಳ್ಳುತ್ತಿತ್ತು. ಮಾವನ ಕಾರಿನ ಡಿಕ್ಕಿಯಲ್ಲಿ ತಡಕಾಡಿದಾಗ ವಕ್ರವಾಗಿ ಬಾಗಿದ ಕಬ್ಬಿಣದ ಸಲಾಕೆಯೊಂದು ಸಿಕ್ಕಿತು. ಅದನ್ನು ಬಾಗಿಲಿಗೆ ಒತ್ತುಕೊಟ್ಟೆ. ಹೆಂಡತಿ ಅದನ್ನು ನೋಡಿ, "ರೀ, ಒಂದ್ನಿಮಿಷ..." ಎಂದಳು.

"ಮಾತಾಡಬೇಡ. ಕೆಲಸ ಮಾಡೋನ ಗಮನ ಆ ಕಡೆ ಈ ಕಡೆ ಹೋಗಬಾರದು. ಅದು ಮೊದಲನೇ ನಿಯಮ."

ಎರಡು ಕಾರುಗಳೂ ಮುಖಾಮುಖಿ ನಿಂತವು, ಒಂದಕ್ಕೊಂದು ತಾಗದ ಹಾಗೆ. ಎರಡರ ಎಂಜಿನ್ನೂ ಆರಿಸಿದ್ದಾಯಿತು. ಕೆಲವು ಹಳೆಯ ಕಾರುಗಳಲ್ಲಿ ಆರು ವೋಲ್ಟಿನ ಬ್ಯಾಟರಿ ಇರುತ್ತದಂತೆ. ಬಗ್ಗಿ ನೋಡಿದೆ, ಪುಣ್ಯಕ್ಕೆ ಇದರದ್ದು ಹನ್ನೆರಡೇ. ಬಿರುಕಿಲ್ಲ, ಸೋರಿಕೆಯಿಲ್ಲ. ವಾಚು, ಉಂಗುರ ಬಿಚ್ಚಿಟ್ಟೆ. ನಾನು ಓದಿದ್ದರಲ್ಲಿ ಕಣ್ಣಿಗೆ ರಕ್ಷಣೆ ಬೇಕೆಂದು ಬರೆದಿತ್ತು. ಈಜುವ ಕನ್ನಡಕ ಹಾಕಿಕೊಂಡೆ. ಕೈಗೆ ಪಾತ್ರೆ ತೊಳೆಯುವ ಗುಲಾಬಿ ಬಣ್ಣದ ಗ್ಲೌಸು.

ಎದುರು ಮನೆಯ ದಂತವೈದ್ಯರು ಗೇಟಿನ ಬಳಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಾನೂ ಹೀಗೇ ತಯಾರಾಗೋದು. ಆದ್ರೆ ನಮ್ಮಲ್ಲಿ ಪೇಷೆಂಟ್ ಬದುಕಿರ್ತಾರೆ" ಎಂದರು.

ನಾನು ಕನ್ನಡಕ ಇನ್ನಷ್ಟು ಬಿಗಿ ಮಾಡಿಕೊಂಡೆ. ಮೊದಲನೇ ನಿಯಮ.

ಎರಡು ಬ್ಯಾಟರಿಗಳನ್ನು ಜೋಡಿಸುವ ಕೇಬಲ್ಲು ಬಿಡಿಸಿ, ಅದರ ಕೆಂಪು ಕ್ಲಿಪ್ಪನ್ನು ಸತ್ತ ಬ್ಯಾಟರಿಯ ಪ್ಲಸ್‌ಗೆ ಹಾಕಿದೆ. ಇನ್ನೊಂದು ತುದಿ ಹೆಂಡತಿಯ ಕಾರಿನ ಪ್ಲಸ್‌ಗೆ ಎಟುಕಬೇಕಲ್ಲ, ಎಟುಕಲಿಲ್ಲ. ಕ್ಲಿಪ್ಪು ತೆಗೆದೆ. "ಸ್ವಲ್ಪ ಮುಂದೆ ತಗೋ" ಎಂದೆ. ತಗೊಂಡಳು. "ಸಾಕು, ಸಾಕು" ಎನ್ನುತ್ತಾ ನಾನು ಹಿಂದೆ ಸರಿದು ಅತ್ತೆಯ ಹೂಕುಂಡದ ಮೇಲೆ ಕೂತೆ. ಕುಂಡ ಎರಡು ಹೋಳಾಯಿತು. ನಾನು ಇಡಿಯಾಗಿ ಉಳಿದೆ.

"ರೀ, ನಾನು ಹೇಳೋದು ಸ್ವಲ್ಪ ಕೇಳಿ. ಆ ಬಾಗಿಲ ಹತ್ರ..."

"ಕುಂಡ ಆಮೇಲೆ ನೋಡೋಣ ಕಣೇ!"

ಮತ್ತೆ ಮೊದಲಿನಿಂದ ಶುರು. ಕೆಂಪಿಗೆ ಕೆಂಪು. ಕಪ್ಪನ್ನು ಅವಳ ಕಾರಿನ ಮೈನಸ್‌ಗೆ. ಕೊನೆಯ ಕಪ್ಪು ಕ್ಲಿಪ್ಪನ್ನು ಮಾತ್ರ ಸತ್ತ ಬ್ಯಾಟರಿಗೆ ಹಾಕಬಾರದು; ಕಿಡಿ ಹಾರಿದರೆ ಕಷ್ಟ. ಅದನ್ನು ಬ್ಯಾಟರಿಯಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿದೆ. ಅವಳ ಕಾರು ಚಾಲೂ ಆಯಿತು. ಸ್ವಲ್ಪ ಹೊತ್ತು ಕಾದೆವು. ಆಮೇಲೆ ನಾನು ಉಸಿರು ಬಿಗಿಹಿಡಿದು ಮಾವನ ಕಾರಿನ ಕೀಲಿ ತಿರುಗಿಸಿದೆ.

ಕಾರು ಕೆಮ್ಮಿತು, ಗೊಣಗಿತು, ಮೈಯೆಲ್ಲ ಕೊಡವಿಕೊಂಡು ಎದ್ದಿತು! ನನ್ನ ಎದೆ ಉಬ್ಬಿ ಅಂಗಿಯ ಗುಂಡಿಗೆ ಸಂಚಕಾರ ಬಂತು. ಕ್ಲಿಪ್ಪುಗಳನ್ನು ಹಾಕಿದ್ದಕ್ಕೆ ತಿರುಗಾಮುರುಗಾ ಕ್ರಮದಲ್ಲಿ ತೆಗೆದೆ. "ಈಗ ಇದನ್ನ ವಾಪಸ್ ಮನೆ ಸೇರೋವರೆಗೂ ಆರಿಸಬಾರದು. ಚಾರ್ಜ್ ಆಗಬೇಕು" ಎಂದು ಹೆಂಡತಿಗೆ ಉಪದೇಶಿಸಿದೆ. ಅವಳು, "ಯಾವುದಕ್ಕೂ ಇರಲಿ, ನಾನೂ ಹಿಂದೆ ಬರ್ತೀನಿ" ಎಂದು ಬಾಗಿಲ ಕಡೆ ಹೋದಳು.

ನಿಲ್ದಾಣದ ಮುಂದೆ ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಮಾವ ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಬೆರಳಾಡಿಸಿ ಧೂಳು ಹುಡುಕಿದರು. ಸಿಗಲಿಲ್ಲ. "ಪರವಾಗಿಲ್ಲ ಅಳಿಯಂದ್ರೆ, ಮದುಮಗನ ಥರ ಇಟ್ಟಿದೀರಿ. ಸರೀರಿ, ನಾನೇ ಓಡಿಸ್ತೀನಿ" ಎಂದರು. ಕಾರು ನನ್ನದಾಯಿತೆಂದೇ ನಂಬಿ, ಷಡ್ಡಕನ ಸಪ್ಪೆ ಮುಖವನ್ನು ಊಹಿಸಿಕೊಳ್ಳುತ್ತ ಪಕ್ಕದ ಸೀಟಿನಲ್ಲಿ ಕೂತೆ. ಅತ್ತೆ ಹಿಂದೆ ಕೂತರು.

ಮೊದಲ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಮಾವ ಕಾರು ನಿಲ್ಲಿಸಿದರು. ಆಮೇಲೆ, ಜೀವಮಾನವಿಡೀ ಮಾಡಿಕೊಂಡು ಬಂದ ಹಾಗೆ, ಕೀಲಿ ತಿರುಗಿಸಿ ಎಂಜಿನ್ ಆರಿಸಿದರು.

"ಮಾವ!" ಎಂದು ಚೀರಿದೆ.

"ನಿಂತ ಗಾಡಿಗೆ ಯಾಕೆ ಪೆಟ್ರೋಲು?" ಎಂದರು ಮಾವ. "ಅದನ್ನೇ ನಾನೂ ಹೇಳೋದು" ಎಂದರು ಅತ್ತೆ.

ಹಸಿರು ದೀಪ ಬಂತು. ಟಿಕ್. ಇನ್ನೊಮ್ಮೆ ಟಿಕ್. ಹಿಂದಿನವರೆಲ್ಲ ಒಟ್ಟಿಗೇ ಹಾರ್ನ್ ಒತ್ತಿದರು.

ಮಾವ ನನ್ನ ಕಡೆ ತಿರುಗಿದರು. "ಎಷ್ಟು ಹೊತ್ತು ಉರಿಸಿದ್ರಿ ದೀಪಾನ?"

"ರಾತ್ರಿಯಿಡೀ" ಎಂದು ಒಪ್ಪಿಕೊಂಡೆ.

"ಹೋಗ್ಲಿ ಬಿಡಿ. ಡಿಕ್ಕಿಯಲ್ಲಿ ಹ್ಯಾಂಡಲ್ ಇದೆ, ತನ್ನಿ. ಕಾರಿನ ಮುಂದಿರೋ ತೂತಿಗೆ ತೂರಿಸಿ ತಿರುಗಿಸಿದ್ರೆ ಚಾಲೂ ಆಗುತ್ತೆ. ಈ ಕಾರಿಗೆ ಬ್ಯಾಟರಿ ಕೈಕೊಟ್ಟಾಗೆಲ್ಲ ನಾನು ಅದನ್ನೇ ಮಾಡಿದ್ದು."

"ಎಂಥ ಹ್ಯಾಂಡಲ್ ಮಾವ?"

"ಬಾಗಿದ ಕಬ್ಬಿಣದ ಸಲಾಕೆ."

ಅದನ್ನು ನಾನು ಗ್ಯಾರೇಜಿನ ಬಾಗಿಲಿಗೆ ಒತ್ತುಕೊಟ್ಟು ಬಂದಿದ್ದೆ! ಅಷ್ಟರಲ್ಲಿ ಹಿಂದಿನ ಕಾರಿನಿಂದ ಹೆಂಡತಿ ಇಳಿದು ಬಂದಳು. ಅವಳ ಕೈಯಲ್ಲಿ ಅದೇ ಸಲಾಕೆ ಇತ್ತು.

"ಬೆಳಿಗ್ಗೆಯಿಂದ ಇದನ್ನೇ ಹೇಳೋಕೆ ಬಂದೆ. ನಿಮ್ಮ ಮೊದಲನೇ ನಿಯಮ ಬಿಡಲಿಲ್ಲ" ಎಂದು ನನ್ನ ಕೈಗಿಟ್ಟಳು.

"ಹೆಬ್ಬೆರಳನ್ನ ಉಳಿದ ಬೆರಳ ಜೊತೆಗೇ ಇಟ್ಕೊಳ್ಳಿ. ಹ್ಯಾಂಡಲ್ ತಿರುಗಿ ಹೊಡೆದ್ರೆ ಕೈ ಮುರಿಯುತ್ತೆ" ಎಂದರು ಮಾವ, ಸೀಟಿನಲ್ಲೇ ಆರಾಮಾಗಿ ಕೂತು. ತಿರುಗಿಸಿದೆ. ಬೆವರು ಇಳಿಯುವಷ್ಟರಲ್ಲಿ ಕಾರು ಎದ್ದಿತು. ಓಡಿ ಬಂದು ಕೂತೆ. ಮುಂದಿನ ಸಿಗ್ನಲ್ಲಿನಲ್ಲಿ ಮಾವ ಮತ್ತೆ ಆರಿಸಿದರು. ಬೇಡವೆಂದು ಬೇಡಿಕೊಂಡೆ. "ಹ್ಯಾಂಡಲ್ ಇದೆಯಲ್ಲ" ಎಂದರು. ಆ ದಾರಿಯಲ್ಲಿ ಅಷ್ಟೊಂದು ಸಿಗ್ನಲ್ಲುಗಳಿವೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮನೆ ತಲುಪಿದಾಗ ನನ್ನ ಭುಜ ನನ್ನ ಮಾತು ಕೇಳುತ್ತಿರಲಿಲ್ಲ. ಆದರೂ ಛಲ ಬಿಡದೆ ಕೇಳಿಯೇಬಿಟ್ಟೆ. "ಮಾವ, ಕಾರಿನ ವಿಷಯ ಏನು ಯೋಚನೆ ಮಾಡಿದ್ರಿ?"

"ದೊಡ್ಡ ಅಳಿಯಂದ್ರಿಗಂತೂ ಕೊಡಲ್ಲ. ಅವರು ಇಷ್ಟು ಮೈ ಬಗ್ಗಿಸೋರಲ್ಲ."

ನನ್ನ ಎದೆ ಮತ್ತೆ ಉಬ್ಬಿತು. ಮಾವ ಕೀಲಿಯನ್ನು ಮಗಳ ಅಂಗೈಯಲ್ಲಿಟ್ಟರು.

"ಕಾರು ಇವಳಿಗೆ" ಎಂದರು. "ಹ್ಯಾಂಡಲ್ ನಿಮಗೆ."