ಆರ್ಥರ್ ಮಾತು ಕೇಳಿ ಹಡಗು ಹತ್ತಿದ್ದು

ಎಲ್ಲಿಗಾದರೂ ಹೊರಟಾಗ ಎದುರಿಗೆ ಸಿಕ್ಕವರಿಗೆ "ನೀವೂ ಬನ್ನಿ" ಎನ್ನದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಇದು ಮೈಸೂರಿನ ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಬಂದ ಅಭ್ಯಾಸ. ನಮ್ಮಪ್ಪ ತರಕಾರಿ ತರಲು ಹೊರಟರೂ ಪಕ್ಕದ ಮನೆಯ ಮೇಷ್ಟ್ರಿಗೆ ಹಾಗೆ ಹೇಳುತ್ತಿದ್ದರು. ಮೇಷ್ಟ್ರು "ಇಲ್ಲ, ನೀವು ಹೋಗಿ ಬನ್ನಿ" ಎನ್ನುತ್ತಿದ್ದರು. ಇಬ್ಬರಿಗೂ ಸಮಾಧಾನ. ಹೇಳಿದವನು ನಿಜವಾಗಿ ಕರೆದಿಲ್ಲ, ಕೇಳಿದವನು ನಿಜವಾಗಿ ಬರುವುದಿಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತಿದ್ದ ಒಪ್ಪಂದ. ಈ ಒಪ್ಪಂದ ಟೆಕ್ಸಾಸಿನಲ್ಲಿ ನಡೆಯುವುದಿಲ್ಲ ಎಂಬುದನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಇಲ್ಲಿ ನಮ್ಮವರೆಲ್ಲ ಊರು ಬಿಟ್ಟು ಬಂದವರು, ಯಾರಾದರೂ ಕರೆಯಲಿ ಎಂದು ಒಳಗೊಳಗೇ ಕಾಯುತ್ತಿರುವವರು. ಕರೆದರೆ ಬಂದೇ ಬರುತ್ತಾರೆ, ಬರುವಾಗ ಪುಳಿಯೋಗರೆಯನ್ನೂ ತರುತ್ತಾರೆ.

ನಾನು ಹೇಳುತ್ತಿರುವುದು ಎರಡು ಸಾವಿರದ ಹತ್ತರ ನಂತರದ, ನಮ್ಮ ಮಗಳು ಇನ್ನೂ ಕಾರಿನ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದ ಕಾಲದ ಮಾತು. ಡಲ್ಲಾಸಿನ ಹತ್ತಿರ ಫ್ಲವರ್ ಮೌಂಡಿನಲ್ಲಿ ನಮ್ಮ ಮನೆ. ನನ್ನ ಹೆಂಡತಿ ವತ್ಸಲಾ ಕಾಪುವಿನವಳು. ಹಿತ್ತಲ ಬಾಗಿಲು ತೆಗೆದರೆ ಸಮುದ್ರದ ಸದ್ದು ಕೇಳುವ ಮನೆಯಲ್ಲಿ ಬೆಳೆದವಳು. ಅಂಥವಳನ್ನು ಕರೆತಂದು, ಯಾವ ದಿಕ್ಕಿಗೆ ಕಾರು ಓಡಿಸಿದರೂ ಹುಲ್ಲು, ಹೈವೇ ಮತ್ತು ದೊಡ್ಡ ದೊಡ್ಡ ಅಂಗಡಿಗಳ ಹೊರತು ಏನೂ ಸಿಗದ ಜಾಗದಲ್ಲಿ ಇಟ್ಟಿದ್ದೆ. ಅವಳು ಒಂದು ದಿನವೂ ದೂರಿದವಳಲ್ಲ. ಮದುವೆಯಾಗಿ ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಏನು ಬೇಕು ಎಂದು ಕೇಳಿದಾಗ ಸೀರೆ ಕೇಳಲಿಲ್ಲ, ಬಳೆ ಕೇಳಲಿಲ್ಲ. "ಅಡುಗೆ ಮಾಡದೆ, ಯಾರಿಗೂ ಉತ್ತರ ಹೇಳದೆ, ನಿಮ್ಮ ಜೊತೆ ಕೂತು ಸಮುದ್ರ ನೋಡ್ಬೇಕು" ಎಂದಳು. ಇಷ್ಟು ಸಣ್ಣ ಆಸೆಯನ್ನು ಕೆಡಿಸಲು ತುಂಬಾ ಕಷ್ಟಪಡಬೇಕಾಗಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಸಮುದ್ರದ ವಿಷಯಕ್ಕೆ ನಮ್ಮ ಬೀದಿಯಲ್ಲಿ ಅಧಿಕಾರವಾಣಿ ಎಂದರೆ ಪಕ್ಕದ ಮನೆಯ ಆರ್ಥರ್. ಇಂಗ್ಲೆಂಡಿನ ಬಂದರಿನ ಊರೊಂದರಿಂದ ಬಂದು, ಇಲ್ಲೇ ಕೆಲಸ ಮಾಡಿ, ಇಲ್ಲೇ ನಿವೃತ್ತರಾದವರು. ಹೆಂಡತಿ ಬದುಕಿದ್ದಾಗ ಇಬ್ಬರೂ ವರ್ಷ ತಪ್ಪದೆ ಕ್ರೂಸ್ ಹಡಗಿನಲ್ಲಿ ರಜೆ ಕಳೆದವರು. ಟೆಕ್ಸಾಸಿನವರು ಚಹಾಕ್ಕೆ ಐಸ್ ಹಾಕಿ ಕುಡಿಯುವುದು ಅವರಿಗೆ ಕೊನೆಯವರೆಗೂ ಅರಗಲಿಲ್ಲ. ಶುಂಠಿ ಹಾಕಿ, ಹಾಲು ಹಾಕಿ, ಉಕ್ಕುವ ತನಕ ಕುದಿಸುವ ವತ್ಸಲಾಳ ಚಹಾವೂ ಅವರ ಲೆಕ್ಕದಲ್ಲಿ ಚಹಾ ಅಲ್ಲ, ಆದರೆ ಬಿಸಿಯಾಗಿದೆಯಲ್ಲ ಎಂದು ಕ್ಷಮಿಸಿದ್ದರು. ನನ್ನ ಮಗಳಿಗೆ ಅವರು ಆರ್ಥರ್ ಅಂಕಲ್. ಶನಿವಾರ ಬೆಳಿಗ್ಗೆ ಬಂದು, ಚಕ್ಕುಲಿಯನ್ನು ಸುರುಳಿ ಸುರುಳಿಯಾಗಿ ಬಿಚ್ಚಿ ತಿನ್ನುತ್ತ, ಲೋಕದ ವಿಷಯಗಳ ಮೇಲೆ ತಮ್ಮ ಅಭಿಪ್ರಾಯ ಹೇಳಿ ಹೋಗುತ್ತಿದ್ದರು. ನಾವು ಹಡಗು ಹತ್ತುವ ಯೋಚನೆಯಲ್ಲಿದ್ದೇವೆ ಎಂದ ದಿನ ಮಾತ್ರ ಚಕ್ಕುಲಿಯನ್ನು ತಟ್ಟೆಗೆ ಹಿಂದಿಟ್ಟು ನೆಟ್ಟಗೆ ಕೂತರು.

ಅವರ ಸಲಹೆಗಳಲ್ಲಿ ಅಲಂಕಾರವೇ ಇರಲಿಲ್ಲ. ರೂಮು ಹಡಗಿನ ನಡುವೆ, ಕೆಳಗಿನ ಮಹಡಿಯಲ್ಲಿರಲಿ, ಅಲ್ಲಿ ಓಲಾಟ ಕಡಿಮೆ. ಬಂದರಿನ ಊರಿಗೆ ಹಿಂದಿನ ದಿನವೇ ಹೋಗಿ ಮಲಗಿ, ತಡವಾದರೆ ವಿಮಾನದವರಾದರೂ ಬೇರೆ ಸೀಟು ಹುಡುಕಿ ಕೊಟ್ಟಾರು, ಹಡಗು ತಿರುಗಿಯೂ ನೋಡುವುದಿಲ್ಲ. ಪೆಟ್ಟಿಗೆಗಳು ರೂಮಿಗೆ ಬರುವಾಗ ಸಂಜೆಯಾಗುತ್ತದೆ, ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಮೊದಲ ದಿನ ಎಲ್ಲರೂ ಮೇಲಿನ ಬುಫೆಗೆ ನುಗ್ಗುತ್ತಾರೆ, ನೀವು ಕೆಳಗಿನ ಊಟದ ಹಾಲ್‌ಗೆ ಹೋಗಿ. ನೀರು ಕಾಯಿಸುವ ಕೆಟಲ್ ಒಯ್ಯಬೇಡಿ, ಬಂದರಿನಲ್ಲಿ ಕಿತ್ತುಕೊಳ್ಳುತ್ತಾರೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ಹಳೆಯ ಗಾಯವೊಂದು ಕಾಣುತ್ತಿತ್ತು. ನೀವು ಹಡಗು ಹತ್ತುವ ಗ್ಯಾಲ್ವೆಸ್ಟನ್ ಬಂದರಿನ ನೀರು ಕಂದು ಬಣ್ಣದ್ದು, ಅದನ್ನು ನೋಡಿ ಮನಸ್ಸು ಸಣ್ಣ ಮಾಡಿಕೊಳ್ಳಬೇಡಿ, ಎರಡನೆಯ ಬೆಳಿಗ್ಗೆ ಎದ್ದು ಕೆಳಗಿನ ಡೆಕ್ಕಿನಲ್ಲಿ ಹಡಗಿನ ಹಿಂಭಾಗಕ್ಕೆ ಹೋಗಿ, ಅಲ್ಲಿ ಯಾರೂ ಬಾರದ ಬೆಂಚು ಇರುತ್ತದೆ, ನೀರು ನೀಲಿಯಾಗಿರುತ್ತದೆ. ಕೊನೆಗೆ, ಎಷ್ಟು ಜನ ಹೋಗುತ್ತಿದ್ದೀರಿ ಎಂದು ಕೇಳಿದರು. ನಾವು ಮೂರೇ ಜನ ಎಂದೆ. ಒಳ್ಳೆಯದು, ಮಾತಾಡದೆ ಜೊತೆಗೆ ಕೂರಬಲ್ಲವರನ್ನು ಮಾತ್ರ ಹಡಗಿಗೆ ಕರೆದೊಯ್ಯಬೇಕು ಎಂದರು. ಒಳಗೆ ಚಹಾ ಸೋಸುತ್ತಿದ್ದ ವತ್ಸಲಾ ಇದನ್ನೆಲ್ಲ ಕೇಳಿಸಿಕೊಂಡಳು. ನಾನು ಬರೀ ಕೇಳಿದೆ.

ಏಕೆಂದರೆ ಆ ಸಂಜೆಯೇ ಹ್ಯೂಸ್ಟನ್ನಿನ ಪಾಟೀಲರ ಫೋನು ಬಂತು. ಧಾರವಾಡದ ಕಡೆಯ ದೊಡ್ಡ ದನಿಯ ಮನುಷ್ಯ. ಅವರ ಹೆಂಡತಿ ಸುಮಂಗಲಾ ಡಾಕ್ಟರು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಏನು ಮಾಡುತ್ತೀರಿ ಎಂದು ಕೇಳಿದರು. ಹಡಗಿನಲ್ಲಿ ಹೋಗುತ್ತಿದ್ದೇವೆ ಎಂದೆ, ಬಾಯಿಗೆ ಬಂದ "ನೀವೂ ಬನ್ನಿ"ಯನ್ನೂ ಸೇರಿಸಿದೆ. ಆ ಕಡೆ "ನೀವು ಹೋಗಿ ಬನ್ನಿ" ಕೇಳಲು ಕಿವಿಯಿಟ್ಟು ಕಾದೆ. ಪಾಟೀಲರು ಹಡಗಿನ ಹೆಸರು ಕೇಳಿದರು. ಆಸ್ಟಿನ್ ಪಕ್ಕದ ಲಿಯಾಂಡರ್ ಊರಿನ ರಘುವಿನ ಜೊತೆಗೂ ಇದೇ ಆಯಿತು. ಅವನು ಆಸ್ಟಿನ್ನಿನಲ್ಲಿ ಕೆಲಸ ಮಾಡುವ ನನ್ನ ಕಾಲೇಜಿನ ಗೆಳೆಯ. ಅವನಿಂದ ಮೆಕಿನ್ನಿಯ ಅವನ ಭಾವಮೈದುನನಿಗೆ, ಅಲ್ಲಿಂದ ಆ ಮೈದುನನ ಆಫೀಸಿನವರಿಗೆ ವಿಷಯ ಹಬ್ಬಿತು. ಎರಡು ವಾರದಲ್ಲಿ ಹಡಗಿನ ಹೆಸರಿನಲ್ಲಿ ಒಂದು ವಾಟ್ಸಾಪ್ ಗುಂಪು ಹುಟ್ಟಿ, ನನ್ನನ್ನು ಅದರ ಅಡ್ಮಿನ್ ಮಾಡಿ, ತಾಂಬೂಲದ ಬಣ್ಣದ ಟೀ ಶರ್ಟ್ ಹೊಲಿಸುವ ತನಕ ಮಾತು ಬಂತು. ವಿಷಯ ತಿಳಿದ ಮಗಳು ಐಪ್ಯಾಡಿನಿಂದ ತಲೆಯೆತ್ತದೆ, "ಡ್ಯಾಡ್, ಇಟ್ಸ್ ಎ ಶಿಪ್, ನಾಟ್ ಎ ಕಲ್ಯಾಣ ಮಂಟಪ" ಎಂದಳು. ವತ್ಸಲಾ ಚಟ್ನಿಪುಡಿಗೆ ಮೆಣಸಿನಕಾಯಿ ಹುರಿಯುವುದಕ್ಕೆ ಎದ್ದು ಹೋದಳು. ಅಡುಗೆ ಮಾಡದ ರಜೆಯ ಅಡುಗೆ ಅಂದೇ ಶುರುವಾಯಿತು.

ಆರ್ಥರ್ ಹೇಳಿದಂತೆ ಹಿಂದಿನ ದಿನವೇ ಹೊರಟು ಹ್ಯೂಸ್ಟನ್ನಿನಲ್ಲಿ ಪಾಟೀಲರ ಮನೆಯಲ್ಲಿ ತಂಗಿದೆವು. ಹೋಟೆಲಿನಲ್ಲಿ ಇರುತ್ತೇವೆ ಎಂದದ್ದಕ್ಕೆ ಪಾಟೀಲರು, "ಮನಿ ಇಟ್ಕೊಂಡು ನಿಮ್ಮನ್ನ ಹೋಟೆಲಿಗೆ ಕಳಸಿದ್ರ ನಾಳೆ ನಾ ಮುಖ ಹೆಂಗ ತೋರಸ್ಲಿರಿ" ಎಂದಿದ್ದರು. ಒಂದೇ ಮನೆಯಲ್ಲಿ ಅಷ್ಟೂ ಸಂಸಾರ, ಹಾಲಿನ ತುಂಬ ಹಾಸಿಗೆ, ಮಕ್ಕಳೆಲ್ಲ ಒಂದೇ ಕಂಬಳಿಯ ಕೆಳಗೆ, ಅಡುಗೆಮನೆಯಲ್ಲಿ ಜೋಳದ ರೊಟ್ಟಿಯ ವಾಸನೆ. ಇಂದು ನೆನೆದರೆ ಆ ರಾತ್ರಿಗಾಗಿ ಮನಸ್ಸು ಹಾತೊರೆಯುತ್ತದೆ. ಆಗ ಮಾತ್ರ ಬಾತ್‌ರೂಮಿನ ಸರದಿಗೆ ಕಾಯುತ್ತ ನನ್ನ ಬಾಯಿಯನ್ನೇ ಶಪಿಸಿಕೊಂಡಿದ್ದೆ. ಮರುದಿನ ಗ್ಯಾಲ್ವೆಸ್ಟನ್ನಿನಲ್ಲಿ ರಘುವಿನ ಪೆಟ್ಟಿಗೆಯನ್ನು ಪಕ್ಕಕ್ಕೆ ತೆಗೆದಿಟ್ಟರು. ಒಳಗೆ ಟವೆಲಿನಲ್ಲಿ ಸುತ್ತಿದ್ದ ರೈಸ್ ಕುಕ್ಕರ್ ಇತ್ತು. ಕೆಟಲ್ ಬೇಡ ಅಂತ ನೀನು ಹೇಳಿದ್ದೆ, ಕುಕ್ಕರ್ ಬೇಡ ಅಂದಿರಲಿಲ್ಲವಲ್ಲ ಎಂದು ಅವನು ನನ್ನ ಮೇಲೇ ಮುನಿಸಿಕೊಂಡ. ಮಸೂರಿ ಅಕ್ಕಿ ಮಾತ್ರ ಹಡಗು ಹತ್ತಿತು.

ಬಂದರಿನ ನೀರು ಆರ್ಥರ್ ಹೇಳಿದಷ್ಟೇ ಕಂದಾಗಿತ್ತು. ವತ್ಸಲಾ ಕಟಕಟೆ ಹಿಡಿದು ಅದನ್ನೇ ನೋಡುತ್ತಿದ್ದಳು. ನಾನು ಅವಳ ಪಕ್ಕ ನಿಲ್ಲುವಷ್ಟರಲ್ಲಿ ಯಾರೋ ಕರೆದರು. ಆಮೇಲಿನ ನನ್ನ ಪಾಡು ಮದುವೆಮನೆಯಲ್ಲಿ ಹೆಣ್ಣಿನ ತಂದೆಯ ಪಾಡು. ಮೊಟ್ಟೆ ಹಾಕದ ಸಿಹಿ ಯಾವುದು ಎಂದು ವಿಚಾರಿಸುವವನು ನಾನು, ಹನ್ನೆರಡನೆಯ ಮಹಡಿಯ ರೂಮಿನಲ್ಲಿ ತಲೆ ಸುತ್ತಿದವರಿಗೆ ನಿಂಬೆಹಣ್ಣು ತಂದುಕೊಡುವವನು ನಾನು, ಎಲ್ಲರಿಗೂ ಒಟ್ಟಿಗೆ ಟೇಬಲ್ ಕೊಡಿ ಎಂದು ಊಟದ ಹಾಲಿನ ಮ್ಯಾನೇಜರನ ಬೆನ್ನು ಹತ್ತಿದವನೂ ನಾನು. ಅವನು ನಮ್ಮ ಗುಂಪನ್ನು ನೋಡಿ ಕಂಬಗಳ ಆಚೆಗಿನ ಒಂದು ಮೂಲೆಯನ್ನೇ ಬಿಟ್ಟುಕೊಟ್ಟ. ಎರಡನೆಯ ಬೆಳಿಗ್ಗೆ ವತ್ಸಲಾ ನನ್ನ ಭುಜ ಮುಟ್ಟಿ ಎಬ್ಬಿಸಿ, ಬರ್ತೀರಾ ಎಂದು ಕೇಳಿದಳು. ಐದು ನಿಮಿಷದಲ್ಲಿ ಬಂದೆ ಎಂದೆ. ಬಾಗಿಲು ತೆಗೆದರೆ ಹೊರಗೆ ರಘು ನಿಂತಿದ್ದ, ಬುಫೆಯಲ್ಲಿ ಮೊಸರು ಕಾಣುತ್ತಿಲ್ಲವಂತೆ. ಅಂದು ನೀರು ನೀಲಿಯಾದದ್ದನ್ನು ನಾನು ನೋಡಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ವತ್ಸಲಾ ಎಲ್ಲರೊಂದಿಗೂ ನಗುತ್ತ ಮಾತಾಡಿದಳು, ನನ್ನ ಕಡೆ ಮಾತ್ರ ನೋಡಲಿಲ್ಲ. ನನಗೆ ನಿಜವಾಗಿ ಭಯವಾಯಿತು. ಇಪ್ಪತ್ತು ವರ್ಷಕ್ಕೊಮ್ಮೆ ಕೇಳಿದ ಒಂದನ್ನು ಕೊಡಲಾಗದವನು ಎಂಬ ಹೆಸರು ಅವಳ ಮನಸ್ಸಿನಲ್ಲಿ ಒಮ್ಮೆ ಬಿದ್ದರೆ ಅದನ್ನು ಅಳಿಸುವುದು ಹೇಗೆ?

ಮಾರನೆಯ ದಿನ ಹಡಗು ಮೆಕ್ಸಿಕೋದ ಕೋಜುಮೆಲ್ ದ್ವೀಪದಲ್ಲಿ ನಿಂತಿತು. ಉಪಾಹಾರದ ಹೊತ್ತಿಗೆ ಪಾಟೀಲರು ಶೇಂಗಾ ಚಟ್ನಿಪುಡಿ ಇಲ್ಲದೆ ಬ್ರೆಡ್ ಇಳಿಯುತ್ತಿಲ್ಲ ಎಂದು ಕೈಚೆಲ್ಲಿದರು. ಅವರ ಕೈಗೆ ಕೊಟ್ಟರೆ ಮೊದಲ ದಿನವೇ ಮುಗಿಸುತ್ತಾರೆಂದು ಸುಮಂಗಲಾ ಆ ಡಬ್ಬಿಯನ್ನು ವತ್ಸಲಾಳ ಸುಪರ್ದಿಗೆ ಕೊಟ್ಟಿದ್ದರು. ನಾನು ಡಬ್ಬಿ ಹುಡುಕಿಕೊಂಡು, ಅಂದರೆ ಹೆಂಡತಿಯನ್ನು ಹುಡುಕಿಕೊಂಡು, ಕೆಳಗಿನ ಡೆಕ್ಕಿಗೆ ಇಳಿದೆ. ಹಡಗಿನ ಹಿಂಭಾಗದಲ್ಲಿ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದಳು. ಕೂದಲು ಬಿಚ್ಚಿತ್ತು. ಮುಖದಲ್ಲಿ ನಾನು ತುಂಬ ದಿನಗಳಿಂದ ಕಾಣದ ಒಂದು ಬಿಡುವು ಇತ್ತು. ನಾನು ಬಾಯಿ ತೆರೆಯುವ ಮೊದಲೇ ಚೀಲದಿಂದ ಡಬ್ಬಿ ತೆಗೆದು ಚಾಚಿದಳು.

"ತಗೊಳ್ಳಿ, ಕೊಟ್ಟು ಬನ್ನಿ. ಬರೋದಾದ್ರೆ ಒಬ್ಬರೇ ಬನ್ನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಡಬ್ಬಿ ಪಾಟೀಲರ ಮುಂದಿಟ್ಟು ತಿರುಗಿದೆನೋ ಇಲ್ಲವೋ, "ಎಲ್ಲಿಗೆ ಹೊಂಟ್ರಿ? ನಾನೂ ಬರ್ತೀನಿ ತಡೀರಿ" ಎಂದು ಅವರು ಎದ್ದೇಬಿಟ್ಟರು. ಜನ್ಮದಲ್ಲಿ ಮೊದಲ ಸಲ ನನ್ನ ತಲೆ ನಾಲಿಗೆಗಿಂತ ಮುಂಚೆ ಓಡಿತು. ಯಾರೂ ಜೊತೆಗೆ ಬರಲಾಗದ ಜಾಗ ಭೂಮಿಯ ಮೇಲಿರಲಿ, ಸಮುದ್ರದ ಮೇಲಿರಲಿ, ಒಂದೇ. ಹೊಟ್ಟೆ ಹಿಡಿದುಕೊಂಡು, "ಟಾಯ್ಲೆಟ್ಟಿಗೆ" ಎಂದೆ. ಪಾಟೀಲರು ಮತ್ತೆ ಕೂತು ಡಬ್ಬಿ ತೆರೆದರು.

ಆ ದಿನ ಊರು ನೋಡಲು ಎಲ್ಲರೂ ಇಳಿದು ಹೋದರು, ಮಗಳೂ ಅವರ ಮಕ್ಕಳ ಜೊತೆ ಹೋದಳು. ಹೊಟ್ಟೆಯ ಕಾರಣಕ್ಕೆ ನಾನು ಉಳಿದೆ, ನನ್ನ ಆರೈಕೆಗೆಂದು ವತ್ಸಲಾ ಉಳಿದಳು. ಹಡಗು ಖಾಲಿಯಾಗಿತ್ತು. ಬೆಂಚಿನ ಮೇಲೆ ಇಬ್ಬರೂ ಮಾತಿಲ್ಲದೆ ಕೂತೆವು. ತುಂಬ ಹೊತ್ತಿನ ಮೇಲೆ ಅವಳು, "ಮಳೆ ನಿಂತ ಮೇಲೆ ನಮ್ಮೂರಲ್ಲೂ ನೀರು ಇದೇ ಬಣ್ಣ ಇರುತ್ತೆ. ಅಪ್ಪ ಸಂಜೆ ಕರ್ಕೊಂಡು ಹೋಗೋರು, ಹೀಗೇ ಸುಮ್ಮನೆ ಕೂರೋರು" ಎಂದಳು. ಅವಳ ಅಪ್ಪನ ಬಗ್ಗೆ ನನಗೆ ಎಲ್ಲವೂ ಗೊತ್ತು ಎಂದುಕೊಂಡಿದ್ದೆ, ಇದು ಗೊತ್ತಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಕೈಗೆ ಇನ್ನೂ ಶೇಂಗಾ ಚಟ್ನಿಪುಡಿಯ ವಾಸನೆಯಿತ್ತು. ಹಿಂದಿರುಗುವ ದಾರಿಯಲ್ಲಿ ಸಮುದ್ರದ ಮೇಲೆ ಕಳೆದ ಇಡೀ ದಿನ ನನ್ನ ಹೊಟ್ಟೆ ಇನ್ನೂ ಕೆಟ್ಟಿತು. ಬುಫೆಯಿಂದ, ಅಂತ್ಯಾಕ್ಷರಿಯಿಂದ, ಇಸ್ಪೀಟಿನಿಂದ ನಡುನಡುವೆ ಹೊಟ್ಟೆ ಹಿಡಿದು ಆ ಬೆಂಚಿಗೆ ಓಡುತ್ತಿದ್ದೆ. ಡಾಕ್ಟರ್ ಸುಮಂಗಲಾ ನನ್ನನ್ನು ಕೂರಿಸಿ ನಾಡಿ ನೋಡಿ, ಮಾತ್ರೆ ಕೊಟ್ಟು, ನೀರಿಗೆ ಉಪ್ಪು ಸಕ್ಕರೆ ಕದಡಿ ಎದುರಿಗೇ ಕುಡಿಸಿದರು. ಅವರ ಕಾಳಜಿಗೆ ನಾಚಿ ಎರಡು ಲೋಟ ಕುಡಿದೆ.

ಈಗ ಆ ಗುಂಪು ಚದುರಿದೆ. ಆರ್ಥರ್ ಇಂಗ್ಲೆಂಡಿನ ಮಗಳ ಮನೆಗೆ ಹೋದರು. ಹೊರಡುವ ದಿನ ನಮ್ಮ ಮನೆಯ ಚಹಾ ಕುಡಿದು, ಇದಕ್ಕೂ ಒಂದು ಒಳ್ಳೆಯ ಹೆಸರಿಡಿ ಎಂದು ಹೇಳಿ ಕಣ್ಣೊರೆಸಿಕೊಂಡರು. ಕಾರಿನಲ್ಲಿ ನಿದ್ದೆ ಹೋಗುತ್ತಿದ್ದ ಮಗಳು ಈಗ ತಾನೇ ಕಾರು ಓಡಿಸಿಕೊಂಡು ಆಸ್ಟಿನ್ನಿನ ಕಾಲೇಜಿಗೆ ಹೋಗುತ್ತಾಳೆ. ನಮ್ಮವರು ಒಟ್ಟಿಗೆ ಸೇರುವುದು ಯುಗಾದಿಗೋ ಯಾರದೋ ಗೃಹಪ್ರವೇಶಕ್ಕೋ ಮಾತ್ರ. ಆಗ ಹಡಗಿನ ಕತೆ ಬರುತ್ತದೆ, ಎಲ್ಲರೂ ನಗುತ್ತಾರೆ, ನನಗೆ ಆ ನೂಕುನುಗ್ಗಲೂ ಬೇಕೆನಿಸುತ್ತದೆ. ಆಮೇಲೆ ಊಟಕ್ಕೆ ಕೂರುತ್ತೇವೆ. ಬಿಸಿಬೇಳೆಬಾತಿನ ಪಾತ್ರೆ ಸಾಲಿನಲ್ಲಿ ಬರುತ್ತ ಬರುತ್ತ ನನ್ನ ಹತ್ತಿರ ಬಂದಾಗ ಸುಮಂಗಲಾ ಆ ತುದಿಯಿಂದಲೇ ಕೈ ಅಡ್ಡ ಮಾಡುತ್ತಾರೆ, ಪಾಟೀಲರು ನನ್ನ ಹೊಟ್ಟೆಯ ಯೋಗಕ್ಷೇಮ ವಿಚಾರಿಸುತ್ತಾರೆ. ತುಪ್ಪದಲ್ಲಿ ಹುರಿದ ಗೋಡಂಬಿಯನ್ನು ಹೊತ್ತ ಆ ಸೌಟು ನನ್ನ ತಟ್ಟೆಯ ಮೇಲೆ ಒಂದು ಕ್ಷಣ ಅನುಮಾನಿಸುತ್ತ ನಿಲ್ಲುತ್ತದೆ. ನಾನು ಆಸೆಯಿಂದ ಪಕ್ಕಕ್ಕೆ ತಿರುಗಿ ನೋಡುತ್ತೇನೆ. ನನ್ನ ಹೊಟ್ಟೆಗೆ ಏನೂ ಆಗಿಲ್ಲವೆಂದು ಬಲ್ಲ ಏಕೈಕ ಜೀವವಾದ ವತ್ಸಲಾ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, "ಅವರಿಗೆ ಮೊಸರನ್ನ ಹಾಕಿ ಸಾಕು" ಎನ್ನುತ್ತಾಳೆ.